ಮಾತ್ರೆಯನ್ನೂ ಸೇರಿಸಿ ಹೇಳುವ ಸಾಕ್ಷಿ

— ದೊಡ್ಡಮ್ಮ, ಶುಕ್ರವಾರದ ಉಪವಾಸ ಪ್ರಾರ್ಥನೇಲಿ ನಾನು ಸಾಕ್ಷಿ ಹೇಳಬೇಕಂತೆ. ಮಗನಿಗೆ ಫಿಟ್ಸ್ ನಿಂತಿರೋದನ್ನ ಹೇಳಲಿ, ಕೇಳಿದವರ ವಿಶ್ವಾಸ ಬಲವಾಗುತ್ತೆ ಅಂತ ಪಾಸ್ಟರ್ ಹೇಳಿಕಳಿಸಿದಾರೆ.

— ಹೇಳು. ಅದಕ್ಕೆ ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?

— ನಿಂತಿರೋದು ನಿಜ. ಹೋದ ವರ್ಷ ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ಬಂದದ್ದೇ ಕೊನೆ, ಆಮೇಲೆ ಬಂದಿಲ್ಲ. ಆದರೆ ಮಾತ್ರೆ ಇನ್ನೂ ನಡೀತಿದೆ. ಹೊತ್ತು ಹೊತ್ತಿಗೆ ಕೊಡ್ತೀನಿ, ಮುಗಿಯೋದ್ರೊಳಗೆ ಮೈಸೂರಿಗೆ ಓಡ್ತೀನಿ. ಅದನ್ನ ಹೇಳಿದರೆ, ‘ಮಾತ್ರೆಯಿಂದ ನಿಂತಿದ್ದು, ಇದರಲ್ಲಿ ದೇವರದ್ದೇನು?’ ಅಂತಾರೆ. ಬಿಟ್ಟು ಹೇಳಿದರೆ ನನ್ನ ಬಾಯಲ್ಲೇ ಸುಳ್ಳು ಬಂದ ಹಾಗಾಗುತ್ತೆ. ಪಕ್ಕದಲ್ಲಿ ಕೂರೋ ಅಕ್ಕ ಒಬ್ಬರು, ‘ಮಾತ್ರೆ ವಿಷಯ ಎತ್ತಬೇಡ ಕಣೆ, ದೇವರ ಮಹಿಮೆ ಕಡಿಮೆಯಾಗುತ್ತೆ’ ಅಂತ ಕಿವೀಲಿ ಹೇಳಿಯೂ ಆಯ್ತು.

— ದೇವರ ಮಹಿಮೆ ನಾವು ಮಾತ್ರೆ ಬಚ್ಚಿಟ್ಟರೆ ಉಳಿಯುತ್ತೆ, ತೋರಿಸಿದರೆ ಹೋಗುತ್ತೆ ಅನ್ನೋ ಹಾಗಿದ್ದರೆ ಅದು ಎಂಥ ಮಹಿಮೆ? ಮಾರ್ಕನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆದು ಓದು. ಅಲ್ಲಿ ಒಬ್ಬ ತಂದೆ ಬರ್ತಾನೆ. ಅವನ ಮಗನಿಗೂ ಇದೇ ಕಾಯಿಲೆ. ಬೆಂಕಿಗೆ ಬೀಳ್ತಾನೆ, ನೀರಿಗೆ ಬೀಳ್ತಾನೆ, ಬಾಯಲ್ಲಿ ನೊರೆ ಬರುತ್ತೆ. ಯೇಸುಸ್ವಾಮಿ ಆ ತಂದೇನ ನಂಬಿಕೆಯ ಬಗ್ಗೆ ಕೇಳಿದಾಗ ಅವನು ಪೂರ್ತಿ ನಂಬ್ತೀನಿ ಅಂತ ಎದೆ ತಟ್ಟಿಕೊಳ್ಳೋದಿಲ್ಲ. ನಂಬಿಕೆ ಇದೆ, ಇಲ್ಲದಿರೋ ಪಾಲೂ ಇದೆ, ಆ ಇಲ್ಲದ ಪಾಲಿಗೆ ನೀನೇ ಕೈ ಹಿಡಿ ಅಂತ ಅಳ್ತಾನೆ. ಅವನನ್ನ ಅಲ್ಲಿಂದ ಕಳಿಸಿಬಿಡಲಿಲ್ಲವಲ್ಲ. ಅಷ್ಟು ಜನದ ಮುಂದೆ ಹೇಳಿದ ಆ ಅರೆಬರೆ ಮಾತನ್ನೇ ಬರೆದಿಟ್ಟು ಎರಡು ಸಾವಿರ ವರ್ಷದಿಂದ ಓದ್ತಾ ಇದೀವಿ.

— ನಮ್ಮ ಕೂಟದಲ್ಲಿ ಹಾಗೆ ಹೇಳಿದರೆ ‘ಇನ್ನೂ ವಿಶ್ವಾಸ ಸಾಲದು, ಇನ್ನಷ್ಟು ಪ್ರಾರ್ಥನೆ ಮಾಡಮ್ಮ’ ಅಂತಾರೆ.

— ಅಂತಾರೆ. ಅದಕ್ಕೇ ಜನ ಕಲಿತುಬಿಟ್ಟಿದಾರೆ. ಸಾಕ್ಷಿ ಅಂದರೆ ಹೀಗೆ ಶುರುವಾಗಬೇಕು, ಹೀಗೆ ಮುಗೀಬೇಕು ಅಂತ ಒಂದು ಅಚ್ಚು ಇದೆ. ಮೊದಲು ಕತ್ತಲೆ, ನಡುವೆ ಒಂದು ಪ್ರಾರ್ಥನೆ, ಆಮೇಲೆ ಬೆಳಕು, ಕೊನೆಗೆ ಎಲ್ಲರೂ ಹಲ್ಲೆಲೂಯ. ಇದೇನೂ ಹೊಸದಲ್ಲ. ಬಾಸೆಲ್ ಮಿಷನ್ನಿನ ತರಬೇತಿ ಶಾಲೆಗೆ ಅರ್ಜಿ ಹಾಕೋರು ತಮ್ಮ ಬದುಕಿನ ಕಥೆ, ದೇವರ ಕಡೆ ತಿರುಗಿದ ಬಗೆ, ಎಲ್ಲಾ ಬರೆದು ಕೊಡಬೇಕಿತ್ತು. ಒಳ್ಳೇ ಪದ್ಧತಿ. ಆದರೆ ಎಂಥ ಕಥೆಗೆ ಬಾಗಿಲು ತೆರೆಯುತ್ತೆ ಅಂತ ಗೊತ್ತಾದ ಮೇಲೆ ಮನುಷ್ಯ ಆ ಕಡೆಗೇ ವಾಲ್ತಾನೆ. ಬೇಕಂತಲೇ ಸುಳ್ಳು ಹೇಳ್ತಾನೆ ಅಂತಲ್ಲ. ತನಗೇ ಅರಿವಿಲ್ಲದ ಹಾಗೆ ಒಂದೊಂದೇ ವಿವರ ಬಿಡ್ತಾ ಹೋಗ್ತಾನೆ.

— ನಮ್ಮಲ್ಲಿ ಕುಡಿತ ಬಿಟ್ಟೆ ಅಂತ ಒಬ್ಬರು ಹೇಳೋರಲ್ಲ, ಗೊತ್ತಾ ನಿಮಗೆ? ಮೊದಲ ವರ್ಷ ಹೇಳಿದಾಗ ದಿನಕ್ಕೆ ಸ್ವಲ್ಪ ಕುಡೀತಿದ್ರು. ಆಮೇಲಾಮೇಲೆ ಅವರು ಹೇಳಿದಾಗೆಲ್ಲ ಕುಡಿತ ಜಾಸ್ತಿಯಾಯ್ತು, ಹೆಂಡತೀನ ಹೊಡೆದದ್ದು ಸೇರಿಕೊಳ್ತು, ಬಾವಿಗೆ ಬೀಳೋಕೆ ಹೋದದ್ದು ಸೇರಿಕೊಳ್ತು.

— ನಗಬೇಡ. ಪಾಪ, ಅವರನ್ನ ಹಾಗೆ ಮಾಡಿದ್ದು ನಾವು. ದೊಡ್ಡ ಬಿಡುಗಡೆ ಬೇಕು ಅಂತ ನಾವು ಕಿವಿ ಕೊಟ್ಟು ಕೂತ್ವಿ, ಅದಕ್ಕೆ ತಕ್ಕ ಹಾಗೆ ಅವರು ದೊಡ್ಡ ಪಾಪ ಹುಡುಕಿಕೊಂಡರು. ಆಮೇಲೆ ಏನಾಯ್ತು ನೋಡಿದೆಯಲ್ಲ? ಮತ್ತೆ ಕುಡಿಯೋಕೆ ಶುರು ಮಾಡಿದಾಗ ಬಂದು ಹೇಳೋಕೆ ಅವರಿಗೆ ಜಾಗವೇ ಇರಲಿಲ್ಲ. ಗೆದ್ದವನ ಕಥೆ ಹೇಳಿ ಮೈಕ್ ಇಳಿಸಿಬಿಟ್ಟಿದ್ದರಲ್ಲ. ಕೂಟಕ್ಕೆ ಬರೋದನ್ನೇ ನಿಲ್ಲಿಸಿದರು. ಯಾರಿಗೆ ಸಹಾಯ ಬೇಕಿತ್ತೋ ಅವರನ್ನೇ ಸಾಕ್ಷಿ ಹೊರಗೆ ಹಾಕಿತು. ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

— ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೇಲಿ ಕೆಲವರು ಬೇಲ್ ಮೇಲೆ ಒಳ್ಳೇ ಎಲೆ ಹರಡಿ ಒಳಗೆ ಕಪ್ಪು ಎಲೆ ತುಂಬಿರ್ತಾರೆ ದೊಡ್ಡಮ್ಮ. ನಮ್ಮ ಯಜಮಾನರು ಹೇಳ್ತಿರ್ತಾರೆ, ಕೈ ಹಾಕಿ ಎಳೆದರೆ ಇಡೀ ಬೇಲೇ ತಳ್ಳಿಹಾಕ್ತಾರೆ, ಒಳ್ಳೇ ಎಲೆಗೂ ಬೆಲೆ ಸಿಗಲ್ಲ ಅಂತ.

— ಅದೇ ಕಣಮ್ಮ ಭಯ. ಒಬ್ಬರ ಕಥೆ ಒಳಗೆ ಬೇರೆ ಇತ್ತು ಅಂತ ಗೊತ್ತಾದ ದಿನ ಕೇಳಿದ ಮಕ್ಕಳು ಎಲ್ಲರ ಕಥೇನೂ ಅನುಮಾನಿಸ್ತಾರೆ. ನಿಜವಾಗಿ ಆದದ್ದನ್ನೂ ನಂಬೋದಿಲ್ಲ. ಪಿಯುಸಿ ದಾಟಿದ ಹುಡುಗರು ಯಾಕೆ ಕೂಟಕ್ಕೆ ಬರೋದಿಲ್ಲ ಅಂತ ಎಲ್ಲಾ ಸಭೆಯವರೂ ಕೊರಗ್ತಾರೆ. ಇದೂ ಒಂದು ಕಾರಣ ಅಂತ ನನಗನ್ನಿಸುತ್ತೆ.

— ಹಾಗಂತ ಎಲ್ಲಾ ಹೇಳಿಬಿಟ್ಟರೆ, ಬೇರೆಯವರು ಕೇಳಿ ಎದೆಗುಂದೋದಿಲ್ವಾ? ಪಾಸ್ಟರು ಕೇಳೋದರಲ್ಲೂ ನ್ಯಾಯ ಇದೆ. ಹುಷಾರಿಲ್ಲದವರು, ಸಾಲದವರು, ಗಂಡನ್ನ ಕಳಕೊಂಡವರು ಬಂದು ಕೂತಿರ್ತಾರೆ. ಅವರಿಗೆ ಒಂದು ಭರವಸೆ ಬೇಕಲ್ಲ.

— ಬೇಕು. ಆದರೆ ಯಾವ ಭರವಸೆ? ನಿಮ್ಮ ದೊಡ್ಡಪ್ಪನಿಗೆ ಕಿಡ್ನಿ ಕೈಕೊಟ್ಟಾಗ ಎಷ್ಟು ಮನೆಯಲ್ಲಿ ಪ್ರಾರ್ಥನೆ ನಡೀತು ಅಂತ ನಿನಗೆ ಗೊತ್ತು. ಪಿರಿಯಾಪಟ್ಟಣದಿಂದ ಬಂದು ಕೈ ಇಟ್ಟು ಪ್ರಾರ್ಥಿಸಿದರು. ಕತೋಲಿಕ ಬಂಧುಗಳು ಡೋರನಹಳ್ಳಿಯ ಸಂತ ಅಂತೋಣಿಯವರ ದೇವಾಲಯದಲ್ಲಿ ಮೇಣದಬತ್ತಿ ಹಚ್ಚಿ ಬಂದರು. ಆದರೂ ನಿಮ್ಮ ದೊಡ್ಡಪ್ಪ ಹೋದರು. ಆಮೇಲೆ ಒಬ್ಬರೂ ನನ್ನನ್ನ ಸಾಕ್ಷಿ ಹೇಳಿ ಅಂತ ಕರೀಲಿಲ್ಲ. ನನ್ನ ಕಥೆ ಸರಿಯಾಗಿ ಮುಗಿಯಲಿಲ್ಲ ನೋಡು. ನನಗೆ ಹೇಳೋಕೆ ಇತ್ತು. ತಿಂಗಳುಗಟ್ಟಲೆ ಪ್ರಾರ್ಥನೆ ಮಾಡೋಕೆ ಬಾಯಿ ಬರಲಿಲ್ಲ. ಭಾನುವಾರ ಹೋಗಿ ಕೊನೇ ಬೆಂಚಲ್ಲಿ ಕೂತ್ಕೊಳ್ತಿದ್ದೆ. ಬೇರೆಯವರು ಹಾಡ್ತಿದ್ರು, ಅವರ ಹಾಡೇ ನನ್ನ ಪಾಲಿನ ಪ್ರಾರ್ಥನೆಯಾಯ್ತು. ನನ್ನ ವಿಶ್ವಾಸವನ್ನ ಅಷ್ಟು ದಿನ ಬೇರೆಯವರು ಹೊತ್ತರು. ಇದು ಸಾಕ್ಷಿ ಅಲ್ವಾ? ಹೊಸದಾಗಿ ಗಂಡನ್ನ ಕಳಕೊಂಡು ಬಂದು ಕೂತಿರೋ ಹೆಂಗಸಿಗೆ ವಾಸಿಯಾದವರ ಕಥೆಗಿಂತ ಇದು ಹತ್ತಿರ ಅಲ್ವಾ?

— ಹತ್ತಿರ. ಅವಳು ವಾಸಿಯಾದವರ ಕಥೆ ಕೇಳಿದರೆ, ನನ್ನ ಪ್ರಾರ್ಥನೇಲಿ ಏನು ಕೊರತೆ ಇತ್ತು ಅಂತ ಮನೇಗೆ ಹೋಗಿ ಅಳ್ತಾಳೆ.

— ಪೌಲನನ್ನ ನೋಡು. ಮೈಯಲ್ಲಿ ಏನೋ ಒಂದು ಮುಳ್ಳು, ಏನು ಅಂತ ಹೇಳಿಲ್ಲ. ತೆಗೆದುಬಿಡು ಅಂತ ಮೂರು ಸಲ ಬೇಡಿದ. ತೆಗೀಲಿಲ್ಲ. ಅದನ್ನ ಕೊರಿಂಥದವರಿಗೆ ಪತ್ರದಲ್ಲಿ ಬರೆದ, ಬಚ್ಚಿಡಲಿಲ್ಲ. ಪೇತ್ರ ಮೂರು ಸಲ ಗುರುವನ್ನ ಗೊತ್ತೇ ಇಲ್ಲ ಅಂದದ್ದು ನಾಲ್ಕೂ ಸುವಾರ್ತೆಗಳಲ್ಲಿದೆ. ಸಭೆಯ ದೊಡ್ಡ ಹಿರಿಯನ ಅಂಥ ಅವಮಾನದ ಕಥೆ ನಾಲ್ಕು ಜನ ಬರೆದಿಟ್ಟಿದಾರೆ ಅಂದರೆ ಮೊದಮೊದಲು ಆ ಜನ ಕೂತು ಇಂಥದ್ದನ್ನ ಮುಚ್ಚದೆ ಮಾತಾಡ್ತಿದ್ದಿರಬೇಕು. 88ನೇ ಕೀರ್ತನೆ ಅಂತೂ ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೆ ಒಂದು ಸಾಲು ಬೆಳಕೂ ಇಲ್ಲ. ಅದನ್ನ ಬೈಬಲಿಂದ ತೆಗೆದು ಹಾಕಬೇಕು ಅಂತ ಯಾರಿಗೂ ಅನ್ನಿಸಿಲ್ಲ. ಮದರ್ ತೆರೇಸಾ ತೀರಿಹೋಗಿ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಪುಸ್ತಕವಾಗಿ ಬಂದವು. ದೇವರು ಹತ್ತಿರ ಇದ್ದಾನೆ ಅನ್ನೋ ಅನುಭವವೇ ಇಲ್ಲದೆ ದಶಕಗಟ್ಟಲೆ ಕೆಲಸ ಮಾಡಿದ್ದರು ಆ ತಾಯಿ. ಅದನ್ನ ಓದಿಯೂ ಸಭೆ 2016ರಲ್ಲಿ ಅವರನ್ನ ಸಂತರು ಅಂತ ಸಾರಿತು.

— ನೀವು ಮೇಷ್ಟ್ರಾಗಿದ್ದೋರು, ಎಲ್ಲಾ ಇಸವಿ ಸಮೇತ ಹೇಳ್ತೀರ. ನಮ್ಮ ಸೀಮೇಲಿ ಯಾರಾದರೂ ಹೀಗೆ ಬಾಯಿಬಿಟ್ಟು ಹೇಳಿದೋರು ಇದಾರಾ?

— ಇದಾರೆ. ಅಬ್ಬೆ ದ್ಯುಬುವಾ ಅಂತ ಫ್ರಾನ್ಸಿನ ಪಾದ್ರಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯ ಕ್ರೈಸ್ತರ ನಡುವೆ ಇದ್ದರು. ಇಲ್ಲಿಯವರ ಉಡುಪು, ಮುಂಡಾಸು, ಸಸ್ಯಾಹಾರ, ನಮ್ಮ ಜನದ ಹಾಗೇ ಬದುಕಿದರು. ಸಿಡುಬಿನ ಲಸಿಕೆ ಹಾಕಿಸೋಕೆ ಊರೂರು ತಿರುಗಿದರು. ಹಾಸನದ ಕಡೆ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. 1823ರಲ್ಲಿ ವಾಪಸು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಅದರಲ್ಲಿ ಏನು ಬರೆದರು ಗೊತ್ತಾ? ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಸಭೆಗೆ ಸೇರಿದವರು ಇನ್ನೂರು ಮುನ್ನೂರು ಜನ, ಅವರೂ ಹೆಚ್ಚಿನವರು ದಿಕ್ಕಿಲ್ಲದ ಬಡವರು, ಮದುವೆ ಸಂಬಂಧಕ್ಕೋ ಬೇರೆ ಅನುಕೂಲಕ್ಕೋ ಬಂದವರು ಅಂತ. ದುಡ್ಡು ಕೊಟ್ಟು ಕಳಿಸಿದವರಿಗೆ ಗೆಲುವಿನ ವರದಿ ಬೇಕಾಗಿದ್ದ ಕಾಲ ಅದು. ಬೇರೆ ಪಾದ್ರಿಗಳಿಗೆ ಸಿಟ್ಟು ಬಂತು, ಮಾರನೇ ವರ್ಷವೇ ಉತ್ತರ ಬರೆದು ಪುಸ್ತಕ ಹಾಕಿದರು.

— ಅಯ್ಯೋ, ಮದುವೆಗೆ, ಅನುಕೂಲಕ್ಕೆ ಅಂದುಬಿಟ್ಟರಾ? ನಮ್ಮ ಹಿರೀಕರ ಬಗ್ಗೆ?

— ನನಗೂ ಅಲ್ಲೇ ನೋವು. ತನ್ನ ಸೋಲನ್ನ ಒಪ್ಪಿಕೊಂಡದ್ದಕ್ಕೆ ಆ ಮನುಷ್ಯನಿಗೆ ಕೈ ಮುಗೀತೀನಿ. ಆದರೆ ಸೇರಿದವರ ಮನಸ್ಸಲ್ಲಿ ಏನಿತ್ತು ಅಂತ ಅವರ ಬಾಯಿಂದ ಒಂದು ಮಾತು ಆ ಪುಸ್ತಕದಲ್ಲಿ ಕೇಳಿಸೋದಿಲ್ಲ. ಊರಲ್ಲಿ ಬಾವಿ ಮುಟ್ಟೋಕೆ ಬಿಡದ ಜಾತಿಯ ಹೆಣ್ಣುಮಗಳು ಎಲ್ಲರ ಜೊತೆ ಒಂದೇ ಸಾಲಲ್ಲಿ ಮೊಣಕಾಲೂರಿ ಪ್ರಸಾದ ತಗೊಳ್ಳೋ ಆಸೆಯಿಂದ ಬಂದರೆ ಅದು ಅನುಕೂಲವೋ ವಿಶ್ವಾಸವೋ? ಹೊಟ್ಟೆಯ ಹಸಿವಿಗೆ ಬಂದವರು ಆಮೇಲೆ ದೇವರನ್ನ ಕಾಣೋದಿಲ್ವಾ? ಅವರು ತಮ್ಮ ಕಥೇನ ತಾವೇ ಹೇಳಿದ್ದಿದ್ದರೆ ಎರಡೂ ಸೇರಿಸಿ ಹೇಳ್ತಿದ್ದರು ಅಂತ ನನ್ನ ನಂಬಿಕೆ. ಇವತ್ತಿಗೂ ನಮ್ಮ ಮನೆಗಳಲ್ಲಿ ‘ನಿಮ್ಮ ತಾತ ಯಾಕೆ ಸಭೆಗೆ ಸೇರಿದರು’ ಅಂತ ಮಕ್ಕಳು ಕೇಳಿದರೆ ದೊಡ್ಡೋರು ಮಾತು ಬದಲಾಯಿಸ್ತಾರೆ. ಕ್ಷಾಮದಲ್ಲಿ ಗಂಜಿ ಸಿಕ್ತು, ಮಕ್ಕಳಿಗೆ ಓದು ಸಿಕ್ತು ಅಂತ ಹೇಳೋಕೆ ನಾಚಿಕೆ. ಗಂಜಿ ಕೊಟ್ಟ ಕೈಯಲ್ಲಿ ದೇವರನ್ನ ಕಂಡೆವು ಅಂತ ಹೇಳೋದಕ್ಕೆ ನಾಚಿಕೆ ಯಾಕೆ ಬೇಕು?

— ಈಗ ಅದನ್ನ ಹೇಳೋಕೂ ಹೆದರಿಕೆ ದೊಡ್ಡಮ್ಮ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯೋ ಕಾಯ್ದೆ ಬಂದಾಗಿಂದ ‘ಆಮಿಷ’ ಅನ್ನೋ ಮಾತು ಎಲ್ಲರ ಬಾಯಲ್ಲಿದೆ. ಮಾರನೇ ವರ್ಷ ಹೊಸ ಸರ್ಕಾರದ ಸಂಪುಟ ವಾಪಸು ತಗೋತೀವಿ ಅಂತ ತೀರ್ಮಾನ ಮಾಡಿದರೂ ಜನದ ಮನಸ್ಸಿಂದ ಹೆದರಿಕೆ ಹೋಗಿಲ್ಲ. ಮನೇಲಿ ಹತ್ತು ಜನ ಸೇರಿ ಹಾಡಿದರೂ ಕಿಟಕಿ ಹಾಕ್ಕೋತೀವಿ.

— ಹೆದರಿಕೆ ಇದೆ, ಇಲ್ಲ ಅನ್ನೋದಿಲ್ಲ. ಅದಕ್ಕೇ ಇನ್ನೂ ಎಚ್ಚರವಾಗಿ ನಿಜ ಹೇಳಬೇಕು. ನಮ್ಮ ಅಕ್ಕಪಕ್ಕ ಗೌಡರ ಮನೆ ಇದೆ, ಲಿಂಗಾಯತರ ಮನೆ ಇದೆ, ಊರಲ್ಲೇ ಜಂಗಮರ ಮಠ ಇದೆ. ನಿನ್ನ ಹುಡುಗನಿಗೆ ಫಿಟ್ಸ್ ಬಂದ ರಾತ್ರಿ ಗಾಡಿ ತಂದು ಹುಣಸೂರಿಗೆ ಓಡಿಸಿಕೊಂಡು ಹೋದದ್ದು ಯಾರು?

— ಪಕ್ಕದ ಮನೆ ಅಣ್ಣ.

— ಅವರನ್ನ ನಿನ್ನ ಸಾಕ್ಷಿಯಿಂದ ಬಿಡಬೇಡ. ಬಿಟ್ಟರೆ ಅರ್ಧ ಕಥೆ ಹೋಯ್ತು. ಡೋರನಹಳ್ಳಿಗೆ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿ ನೋಡು, ಹರಕೆ ಹೊತ್ತು ಬಂದವರಲ್ಲಿ ಕ್ರೈಸ್ತರಲ್ಲದವರೇ ಎಷ್ಟೊಂದು ಜನ. ಹೊಲ ಉಳುವಾಗ ಒಬ್ಬ ರೈತನಿಗೆ ಮರದ ವಿಗ್ರಹ ಸಿಕ್ಕಿತಂತೆ, ಯಾವುದೋ ಗೊಂಬೆ ಅಂದ್ಕೊಂಡನಂತೆ, ಆಮೇಲೆ ಕನಸಾಯ್ತಂತೆ, ಹೀಗೆ ಶುರುವಾದ ಜಾಗ ಅದು. 2019ರಲ್ಲಿ ರೋಮ್ ಅದನ್ನ ಬೆಸಿಲಿಕ ಮಾಡಿತು. ಅಲ್ಲಿಯ ಕಥೆ ಶುರುವಾಗೋದೇ ಏನೂ ಗೊತ್ತಿಲ್ಲದ ಒಬ್ಬ ರೈತನ ನೇಗಿಲಿಂದ. ನನಗೆ ಆ ಕಥೇಲಿ ಇಷ್ಟವಾಗೋದು ಅವನು ಮೊದಲು ಗೊಂಬೆ ಅಂದ್ಕೊಂಡ ಅನ್ನೋದನ್ನೂ ಜನ ಬಿಡದೆ ಹೇಳ್ತಾರಲ್ಲ, ಅದು.

— ಮತ್ತೆ ವಾಸಿಯಾಯ್ತು ಅಂತ ಹೇಳಬಹುದಾ ನಾನು? ಆ ಒಂದು ಮಾತಿಗೇ ನಾಲಿಗೆ ತಡೀತಿದೆ.

— ಫ್ರಾನ್ಸಿನ ಲೂರ್ದಿನಲ್ಲಿ ಹೇಗೆ ಮಾಡ್ತಾರೆ ಕೇಳು. 1858ರಲ್ಲಿ ಅಲ್ಲಿ ಮಾತೆ ಮರಿಯಮ್ಮನವರ ದರ್ಶನ ಆಯ್ತು ಅಂತಾರೆ. 1883ರಿಂದಲೇ ಡಾಕ್ಟರುಗಳ ಒಂದು ಕಚೇರಿ ಇಟ್ಟಿದಾರೆ. ವಾಸಿಯಾಯ್ತು ಅಂತ ಬಂದವರ ಕಾಗದಪತ್ರ ತರಿಸ್ತಾರೆ, ವರ್ಷಗಟ್ಟಲೆ ಕಾಯ್ತಾರೆ, ಕಾಯಿಲೆ ತಿರುಗಿ ಬಂತಾ ನೋಡ್ತಾರೆ, ಔಷಧಿಯಿಂದ ಆಗಿರಬಹುದಾ ವಿಚಾರಿಸ್ತಾರೆ. ಏಳು ಸಾವಿರಕ್ಕೂ ಹೆಚ್ಚು ಜನ ಹೇಳಿಕೊಂಡದ್ದರಲ್ಲಿ 2018ರ ಹೊತ್ತಿಗೆ ಸಭೆ ಅದ್ಭುತ ಅಂತ ಒಪ್ಪಿದ್ದು 70 ಮಾತ್ರ. ಉಳಿದವರನ್ನ ಸುಳ್ಳುಗಾರರು ಅಂತ ಯಾರೂ ಅನ್ನಲಿಲ್ಲ. ಅವರೂ ದೇವರಿಗೆ ಕೃತಜ್ಞತೆ ಹೇಳಿಕೊಂಡು ಮನೆಗೆ ಹೋದರು. ನೀನೂ ಹಾಗೇ. ‘ವಾಸಿಯಾಯ್ತು’ ಅನ್ನಬೇಡ, ‘ಇಷ್ಟು ದಿನದಿಂದ ಬಂದಿಲ್ಲ, ಮಾತ್ರೆ ನಡೀತಿದೆ’ ಅನ್ನು. ಇನ್ನೊಂದು ಮುಖ್ಯ ವಿಷಯ. ನಿನ್ನ ಮಾತು ಕೇಳಿ ಬೇರೆ ತಾಯಿ ತನ್ನ ಮಗುವಿನ ಮಾತ್ರೆ ನಿಲ್ಲಿಸಿದರೆ? ಈ ಕಾಯಿಲೇಲಿ ಮಾತ್ರೆ ದಿಢೀರಂತ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಪ್ರಾಣಕ್ಕೇ ಬರಬಹುದು. ಸಾಮಾನ್ಯವಾಗಿ ಎರಡು ವರ್ಷವಾದರೂ ಬಾರದೆ ಇದ್ದ ಮೇಲೆ ಡಾಕ್ಟರೇ ನೋಡಿ ನಿಧಾನವಾಗಿ ಇಳಿಸ್ತಾರೆ. ನೀನು ಬಿಟ್ಟ ಒಂದು ಮಾತಿಗೆ ಇನ್ನೊಂದು ಮನೆಯ ಮಗು ಬೆಲೆ ತೆರಬಾರದು.

— ಇದನ್ನ ನಾನು ಯೋಚಿಸಿರಲಿಲ್ಲ. ಹಾಗಿದ್ದರೆ ದೇವರ ಪಾಲು ಎಲ್ಲಿ ಅಂತ ಹೇಳಲಿ?

— ನಿನಗೆ ಎಲ್ಲಿ ಕಂಡಿತು?

— ಆಸ್ಪತ್ರೆ ಹೊರಗೆ ನೆಲದ ಮೇಲೆ ಮಲಗಿದ್ದ ರಾತ್ರಿ. ಪ್ರಾರ್ಥನೇಲಿ ಮಾತೇ ಬರ್ತಿರಲಿಲ್ಲ. ಆದರೂ ಒಬ್ಬಳೇ ಇದೀನಿ ಅಂತ ಅನ್ನಿಸಲಿಲ್ಲ. ಯಾಕೆ ಅಂತ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಹುಡುಗನಿಗೆ ಹುಷಾರಾಗಿರಲಿಲ್ಲ, ಆದರೆ ನನಗೆ ಎದ್ದು ನಿಲ್ಲೋಕೆ ಆಯ್ತು. ಇದನ್ನ ಹೇಳಿದರೆ ಇಷ್ಟೇನಾ ಅಂತಾರೆ ಅಂತ ಸುಮ್ಮನಿದ್ದೆ.

— ಇದನ್ನ ಹೇಳದೆ ಇನ್ನೇನು ಹೇಳಬೇಕೂಂತಿದ್ದೆ? ಇದೇ ಕಣಮ್ಮ ನಿನ್ನ ಸಾಕ್ಷಿ. ಜಾನ್ ವೆಸ್ಲಿ ಗೊತ್ತಲ್ಲ, ನಮ್ಮ ಸೀಮೆಗೆ ಮೆಥೋಡಿಸ್ಟರನ್ನ ತಂದ ಪರಂಪರೆಯ ಮೂಲಪುರುಷ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಅವರ ಎದೆ ಬೆಚ್ಚಗಾಯ್ತು ಅನ್ನೋದನ್ನ ಎಲ್ಲಾ ಪ್ರಸಂಗದಲ್ಲೂ ಹೇಳ್ತಾರೆ. ಮಾರನೇ ವರ್ಷದ ಜನವರಿ ಮೊದಲ ವಾರದಲ್ಲೇ ಅವರು ದಿನಚರಿಯಲ್ಲಿ, ನಾನು ಇನ್ನೂ ನಿಜವಾದ ಕ್ರೈಸ್ತನೇ ಅಲ್ಲ ಅಂತ ಬರೆದುಕೊಂಡದ್ದನ್ನ ಯಾರೂ ಹೇಳೋದಿಲ್ಲ. ಅಂಥ ಮನುಷ್ಯ ಆದ್ದರಿಂದಲೇ ಜನರನ್ನ ಸಣ್ಣ ಸಣ್ಣ ಗುಂಪು ಮಾಡಿದರು. 1742ರಲ್ಲಿ ಬ್ರಿಸ್ಟಲಲ್ಲಿ ಸಭಾಮಂದಿರದ ಸಾಲ ತೀರಿಸೋಕೆ ವಾರಕ್ಕೊಂದು ಪೆನ್ನಿ ಎತ್ತೋಕೆ ಅಂತ ಹನ್ನೆರಡು ಹನ್ನೆರಡು ಜನರ ಗುಂಪು ಕಟ್ಟಿದರು. ಬರಬರ್ತಾ ಅದು ವಾರದ ಕಷ್ಟಸುಖ ಹೇಳಿಕೊಳ್ಳೋ ಕೂಟವಾಯ್ತು. ಗಣಿ ಕೆಲಸದವರು, ಮನೆಗೆಲಸದವರು, ಅಲ್ಲಿ ಕೂತು ಈ ವಾರ ಎಡವಿದೆ, ಈ ವಾರ ಎದ್ದೆ ಅಂತ ಹೇಳೋರು. ಮುಂದಿನ ವಾರ ಮತ್ತೆ ಬರಬೇಕಾದ್ದರಿಂದ ಗೆದ್ದೆ ಅಂತ ಸುಳ್ಳು ಹೇಳಿ ಪ್ರಯೋಜನ ಇರಲಿಲ್ಲ.

— ಅಂಥ ಗುಂಪು ನಮ್ಮಲ್ಲೂ ಇದ್ದರೆ ಚೆಂದ. ಆದರೆ ಇಲ್ಲಿ ಹೇಳಿದ ಮಾತು ಸಂಜೆಯೊಳಗೆ ಅಂಗಡಿ ಕಟ್ಟೇಲಿರುತ್ತೆ.

— ಹೇಳೋರು ನಿಜ ಹೇಳಬೇಕು ಅಂತ ಎಲ್ಲರೂ ಬೋಧಿಸ್ತಾರೆ. ಕೇಳೋರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಬೋಧಿಸಿದ್ದನ್ನ ನಾನು ಕೇಳಿದ್ದು ಕಡಿಮೆ. ಕತೋಲಿಕರಲ್ಲಿ ಪಾಪನಿವೇದನೆ ಕೇಳಿದ ಸ್ವಾಮಿಗಳು ಪ್ರಾಣ ಹೋದರೂ ಹೊರಗೆ ಹೇಳೋ ಹಾಗಿಲ್ಲ. ನಮ್ಮಲ್ಲಿ ಅಂಥ ಕಟ್ಟು ಯಾರಿಗೂ ಇಲ್ಲ. ಕೇಳಿದ ಎಲ್ಲರೂ ಆ ಕಟ್ಟನ್ನ ತಾವಾಗೇ ಹೊರಬೇಕು. ಇಲ್ಲದಿದ್ದರೆ ನಿಜ ಹೇಳಿ ಅಂತ ಕೇಳೋ ಹಕ್ಕು ಸಭೆಗೆ ಇರೋದಿಲ್ಲ.

— ಪಾಸ್ಟರ್ ಹತ್ರ ಇದನ್ನ ನೀವೇ ಮಾತಾಡಿ ದೊಡ್ಡಮ್ಮ. ಅವರು ಒಳ್ಳೇವರು, ಕೇಳ್ತಾರೆ. ನಾನು ಹೇಳಿದರೆ ನಿನ್ನೆ ಮೊನ್ನೆ ಬಂದವಳು ಅಂತ ಆಗುತ್ತೆ.

— ಮಾತಾಡ್ತೀನಿ. ಅವರೂ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕು, ಅವರ ಕಷ್ಟವೂ ಇದೆ. ವಾಸಿಯಾಗದವರಿಗೂ ಒಂದು ಶುಕ್ರವಾರ ಕೊಡಿ ಅಂತ ಕೇಳ್ತೀನಿ, ಮೊದಲು ನಾನೇ ಎದ್ದು ನಿಲ್ತೀನಿ ಅಂತಲೂ ಹೇಳ್ತೀನಿ. ಆದರೆ ನೀನು ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಹುಡುಗನನ್ನ ಕೇಳಿದೆಯಾ?

— ಯಾವ ಹುಡುಗನನ್ನ? ನನ್ನ ಮಗನನ್ನಾ? ಅವನಿಗೇನು ಕೇಳೋದು?

— ಅವನ ಮೈ, ಅವನ ಕಾಯಿಲೆ. ಏಳನೇ ಕ್ಲಾಸಿಗೆ ಬಂದಿದಾನೆ. ಕೂಟದಲ್ಲಿ ಅವನ ಕ್ಲಾಸಿನ ಮಕ್ಕಳೂ ಇರ್ತಾರೆ. ನಾಳೆ ಸ್ಕೂಲಲ್ಲಿ ಅವನಿಗೆ ಏನು ಹೆಸರಿಡ್ತಾರೆ ಗೊತ್ತಾ? ಮಂಗಳೂರಿನ ಆನಂದರಾವ್ ಕೌಂಡಿನ್ಯರ ಕಥೆ ಓದಿದಾಗಲೆಲ್ಲ ನನಗೆ ಇದೇ ಯೋಚನೆ. 1844ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗರ ಶಾಲೆಯ ಈ ಬ್ರಾಹ್ಮಣ ಹುಡುಗ ಕ್ರೈಸ್ತನಾದದ್ದು ಊರನ್ನೇ ಅಲ್ಲಾಡಿಸಿತು. ಬಾಸೆಲಿಗೆ ಹೋಗಿ ಓದಿ ಬಂದರು, ಕೊಡಗಿನ ಆನಂದಪುರದ ಕ್ರೈಸ್ತರ ನೆಲೆ ಕಟ್ಟೋದರಲ್ಲೂ ಅವರ ಕೈ ಇದೆ. ಧೈರ್ಯದ ಬದುಕು, ಹೇಳಬೇಕಾದ ಕಥೆ. ಆದರೆ ಅವರ ಮೊದಲ ಹೆಂಡತಿ ಅವರ ಜೊತೆ ಬರಲಿಲ್ಲ. ಆ ಹುಡುಗಿಗೆ ಏನನ್ನಿಸಿತು, ಮುಂದಿನ ಬದುಕು ಹೇಗೆ ಕಳೀತು, ಅದು ನಾನು ಓದಿದ ಯಾವ ಸಾಕ್ಷಿಯಲ್ಲೂ ಇಲ್ಲ. ಒಬ್ಬರ ಕಥೆ ಹೇಳೋವಾಗ ಇನ್ನೊಬ್ಬರು ಅದರೊಳಗೆ ಸಿಕ್ಕಿಹಾಕ್ಕೊಂಡಿರ್ತಾರೆ. ಹೆಂಡತಿಯ ಮುಂದೆ ಅವಳ ಗಂಡನ ಕುಡಿತ, ಗಂಡನ ಮುಂದೆ ಅವನ ಸಾಲ, ಮಗನ ಮುಂದೆ ಮಗನ ಕಾಯಿಲೆ. ಕೇಳದೆ ಹೇಳಬಾರದು.

— ಕೇಳಿದರೆ ಬೇಡ ಅಂತಾನೆ. ಅವನಿಗೆ ಯಾರಾದರೂ ಹುಷಾರಾ ಅಂತ ಕೇಳಿದರೂ ಕೋಪ ಬರುತ್ತೆ.

— ಬೇಡ ಅಂದರೆ ಬೇಡ.

— ಆಗ ಪಾಸ್ಟರಿಗೆ ಏನಂತ ಹೇಳಲಿ?

— ಮಗ ಬೇಡ ಅಂದ ಅಂತಲೇ ಹೇಳು. ಆ ರಾತ್ರಿ ನೆಲದ ಮೇಲೆ ಮಲಗಿದ್ದೆ, ಒಬ್ಬಳೇ ಅನ್ನಿಸಲಿಲ್ಲ ಅನ್ನೋದು ನಿನ್ನದು, ಯಾರ ಕಾಯಿಲೆ ಅಂತ ಹೆಸರಿಸದೇ ಅದನ್ನ ಹೇಳಬಹುದು.

— ಹೆಸರಿಸದಿದ್ದರೂ ಎಲ್ಲರಿಗೂ ಗೊತ್ತಲ್ಲ ದೊಡ್ಡಮ್ಮ, ಇಷ್ಟು ಚಿಕ್ಕ ಊರಲ್ಲಿ.

— ಅದೂ ನಿಜವೇ. ಹಾಗಿದ್ದರೆ ಈ ಶುಕ್ರವಾರ ಬಿಡು. ಅವನು ಸ್ಕೂಲಿಂದ ಬರೋ ಹೊತ್ತಾಯ್ತು, ಊಟ ಹಾಕಿ ಪಕ್ಕದಲ್ಲಿ ಕೂತು ಕೇಳು. ಅವನಿಗೆ ಆ ದಿನಗಳಲ್ಲಿ ಏನನ್ನಿಸ್ತು ಅಂತ ನಿನಗೂ ಇನ್ನೂ ಗೊತ್ತಿಲ್ಲ, ಅಲ್ವಾ?

— ಇಲ್ಲ. ಒಂದು ದಿನವೂ ಕೇಳಿಲ್ಲ.